ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಸಾಲಿಗ್ರಾಮದಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ಗೆ ಸುಮಾರು 200 ಕಿಲೋಮೀಟರ್. ಕೆ.ಆರ್. ನಗರ, ಮೈಸೂರು, ಮಂಡ್ಯ ದಾಟಿ ಹೋಗಬೇಕು. ಮನೆಯವರೊಬ್ಬರ ಮಿದುಳಿನಲ್ಲಿ ಗೆಡ್ಡೆ ಇದೆ ಎಂದು ತಿಳಿದ ಕುಟುಂಬ ಈ ದಾರಿಯನ್ನು ಮೊದಲ ಸಲ ಸವೆಸುವಾಗ ಅದರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: 'ಆಪರೇಷನ್ ಆದರೆ ಬದುಕುತ್ತಾರಾ?'

ಕೇಳುವುದಕ್ಕೆ ಒಂದು ಪ್ರಶ್ನೆಯಾದರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ಶಸ್ತ್ರಚಿಕಿತ್ಸೆಯ ಮೇಜಿನಿಂದ ರೋಗಿ ಜೀವಂತ ಇಳಿಯುತ್ತಾರೆಯೇ ಎಂಬುದು ಮೊದಲನೆಯದು. ಇನ್ನೆಷ್ಟು ವರ್ಷ, ಹೇಗೆ ಬದುಕುತ್ತಾರೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ವರ್ಷಗಳೇ ಬೇಕು. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದವರು ಏನಾದರು ಎಂದು ಯಾರಾದರೂ ಲೆಕ್ಕ ಇಟ್ಟರೆ ಮಾತ್ರ ಅದು ಗೊತ್ತಾಗುವುದು. ಮಿದುಳು ಗೆಡ್ಡೆಯ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಕತ್ತಿಯ ಕಥೆ ಎಷ್ಟಿದೆಯೋ ಈ ಲೆಕ್ಕದ ಕಥೆಯೂ ಅಷ್ಟೇ ಇದೆ.

ಜೀವಕನ ಏಳು ತಿಂಗಳು

ತಲೆ ತೆರೆಯುವ ಕಥೆಗಳು ನಮ್ಮಲ್ಲಿ ಹಳೆಯವು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ರಾಜಗೃಹದ ವೈದ್ಯ ಜೀವಕನ ಪ್ರಸಂಗ ಬರುತ್ತದೆ. ಏಳು ವರ್ಷಗಳಿಂದ ತಲೆಬೇನೆಯಿಂದ ನರಳುತ್ತಿದ್ದ ಶ್ರೇಷ್ಠಿಯೊಬ್ಬನನ್ನು ಆತ ಮಂಚಕ್ಕೆ ಕಟ್ಟಿ, ನೆತ್ತಿಯ ಚರ್ಮ ಕೊಯ್ದು, ತಲೆಬುರುಡೆಯ ಸಂದು ಬಿಡಿಸಿ ಎರಡು ಹುಳುಗಳನ್ನು ಹೊರತೆಗೆದು ಹೊಲಿಗೆ ಹಾಕಿದನಂತೆ. ಧಾರಾ ನಗರದ ಭೋಜರಾಜನ ತಲೆಬೇನೆಯನ್ನು ಇಬ್ಬರು ವೈದ್ಯರು ಇದೇ ರೀತಿ ಕಳೆದ ಕಥೆ ಭೋಜಪ್ರಬಂಧದಲ್ಲಿದೆ. ಇವು ಕಥೆಗಳು. ವೈದ್ಯಕೀಯ ದಾಖಲೆಗಳೆಂದು ಇವನ್ನು ಓದಬೇಕಾಗಿಲ್ಲ.

ಆದರೆ ಜೀವಕನ ಕಥೆಯ ಕೊನೆಯ ಭಾಗ ಸ್ವಾರಸ್ಯವಾಗಿದೆ. ಒಂದು ಮಗ್ಗುಲಲ್ಲಿ ಏಳು ತಿಂಗಳು, ಇನ್ನೊಂದು ಮಗ್ಗುಲಲ್ಲಿ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗಬೇಕೆಂದು ಆತ ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯಿಂದ ಮಾತು ತೆಗೆದುಕೊಂಡಿರುತ್ತಾನೆ. ಶ್ರೇಷ್ಠಿ ಪ್ರತಿ ಮಗ್ಗುಲಿಗೂ ಏಳೇ ದಿನಕ್ಕೆ ಬೇಸತ್ತು 'ಇನ್ನಾಗದು' ಎನ್ನುತ್ತಾನೆ. 21 ದಿನಕ್ಕೆ ಗುಣವೂ ಆಗುತ್ತದೆ. ತಿಂಗಳೆಂದು ಹೇಳದಿದ್ದರೆ ನೀನು ಅಷ್ಟು ದಿನವೂ ಮಲಗುತ್ತಿರಲಿಲ್ಲ ಎಂದು ಜೀವಕ ಆಮೇಲೆ ಒಪ್ಪಿಕೊಳ್ಳುತ್ತಾನೆ. ಕೊಯ್ದ ಮೇಲೆ ವೈದ್ಯನ ಮಾತು ಕೇಳಿಸುವುದು ಕೊಯ್ಯುವುದಕ್ಕಿಂತ ಕಷ್ಟ ಎಂಬುದು ಆ ಕಾಲಕ್ಕೇ ತಿಳಿದಿತ್ತು ಎಂದಾಯಿತು.

ಇಪ್ಪತ್ತೆಂಟು ದಿನ

ಆಧುನಿಕ ಕಥೆ ಶುರುವಾಗುವುದು 19ನೇ ಶತಮಾನದ ಕೊನೆಯಲ್ಲಿ. ಅರಿವಳಿಕೆ, ಸೋಂಕು ನಿವಾರಣೆ, ಮಿದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬ ಅರಿವು ಈ ಮೂರೂ ಒಟ್ಟಿಗೆ ಒದಗಿದ ಕಾಲ ಅದು. 1879ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮ್ಯಾಕ್‌ಈವನ್ ಹದಿಹರೆಯದ ಹುಡುಗಿಯೊಬ್ಬಳ ಮಿದುಳಿನ ಹೊರಪೊರೆಗೆ ಅಂಟಿದ್ದ ಗೆಡ್ಡೆ ತೆಗೆದರು. ಆಕೆ ಎಂಟು ವರ್ಷ ಬದುಕಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಗೆಡ್ಡೆಯ ಸುಳಿವು ಇರಲಿಲ್ಲ.

ಮಿದುಳಿನ ಒಳಗೇ ಬೆಳೆದ ಗೆಡ್ಡೆಯ ಮಾತು ಬೇರೆ. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯರು 25 ವರ್ಷದ ರೈತನೊಬ್ಬನ ತಲೆ ತೆರೆದರು. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಎಡಗೈ ಸೆಳೆತ ಮತ್ತು ದೌರ್ಬಲ್ಯವನ್ನಷ್ಟೇ ನೋಡಿ ವೈದ್ಯ ಹ್ಯೂಸ್ ಬೆನೆಟ್ ಗೆಡ್ಡೆ ಮಿದುಳಿನ ಬಲಭಾಗದ ಇಂಥ ಕಡೆಯೇ ಇರಬೇಕೆಂದು ಗುರುತಿಸಿದ್ದರು. ಗೆಡ್ಡೆ ಅಲ್ಲೇ ಇತ್ತು. ಡಿಸೆಂಬರ್ ಮಧ್ಯಭಾಗದಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಈ ಸಾಧನೆಯನ್ನು ಕೊಂಡಾಡುವ ಪತ್ರ ಪ್ರಕಟವಾಯಿತು. ಅದಾದ ಒಂದೇ ವಾರಕ್ಕೆ, ಶಸ್ತ್ರಚಿಕಿತ್ಸೆಯ 28ನೇ ದಿನ, ರೋಗಿ ಸೋಂಕಿನಿಂದ ತೀರಿಕೊಂಡ.

ಹೊಗಳಿಕೆ ಮುಂಚೆ ಬಂತು, ಫಲಿತಾಂಶ ಆಮೇಲೆ ಬಂತು. ಮುಂದಿನ ಹಲವು ದಶಕ ಈ ವಿದ್ಯೆಯನ್ನು ಕಾಡಿದ್ದು ಇದೇ ತೊಡಕು.

ಆಳ ಎಂದರೆ

ಸುಮಾರು 1,300ರಿಂದ 1,400 ಗ್ರಾಂ ತೂಗುವ ಮಿದುಳಿನ ಹೊರಭಾಗದಲ್ಲಿ ಬೆಳೆದ ಗೆಡ್ಡೆಯನ್ನು ತಲುಪಲು ಬುರುಡೆ ತೆರೆದರೆ ಸಾಕು. ನಡುವೆ ಇರುವುದಕ್ಕೆ ಅಷ್ಟು ಸಾಲದು. ಮಿದುಳಿನ ಮಧ್ಯದಲ್ಲಿ ದ್ರವ ತುಂಬಿದ ಕುಹರಗಳಿವೆ. ಅವುಗಳ ಇಕ್ಕೆಲದಲ್ಲಿ ಥಲಾಮಸ್ ಇದೆ, ಕೆಳಗೆ ಉಸಿರಾಟ ಮತ್ತು ಎಚ್ಚರವನ್ನು ಕಾಯುವ ಮಿದುಳಕಾಂಡವಿದೆ. ಅಲ್ಲಿ ಬೆಳೆದ ಗೆಡ್ಡೆಗೆ ಯಾವ ಕಡೆಯಿಂದ ಹೋದರೂ ಮಾತು, ದೃಷ್ಟಿ, ಕೈಕಾಲಿನ ಚಲನೆ ಇವುಗಳ ಪೈಕಿ ಯಾವುದಾದರೊಂದರ ಹೊಲ ತುಳಿದೇ ಹೋಗಬೇಕು.

ಅಷ್ಟೇ ಅಲ್ಲ, ಗೆಡ್ಡೆ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. 1895ರಲ್ಲಿ ಬಂದ ಎಕ್ಸ್‌ರೇ ಮೂಳೆಯನ್ನು ತೋರಿಸಿತೇ ಹೊರತು ಮಿದುಳನ್ನಲ್ಲ. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಒಂದು ಉಪಾಯ ಮಾಡಿದರು. ಕುಹರಗಳಲ್ಲಿನ ದ್ರವ ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆದರೆ ಕುಹರದ ಆಕಾರ ಕಾಣುತ್ತದೆ. ಅದು ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಗೆಡ್ಡೆ ಇದೆ ಎಂದು ಅರ್ಥ. ರೋಗಿಗೆ ಇದು ಸಹಿಸಲಾಗದ ತಲೆನೋವು ತರುತ್ತಿತ್ತು. ಆದರೂ ಆಳದ ಗೆಡ್ಡೆಗೆ ದಾರಿ ತೋರಿಸಿದ್ದು ಇದೇ. 1921ರಲ್ಲಿ ಡ್ಯಾಂಡಿ ಮಿದುಳಿನ ನಟ್ಟನಡುವಿನ ಮೂರನೇ ಕುಹರದಿಂದ ಕೊಲಾಯ್ಡ್ ಚೀಲ ಎಂಬ ಗೆಡ್ಡೆ ತೆಗೆದರು. ಅಂಥ ಮೊದಲ ಯಶಸ್ಸು ಅದು.

ಈ ಗೆಡ್ಡೆ ಕ್ಯಾನ್ಸರ್ ಅಲ್ಲ, ಗಾತ್ರವೂ ಸಣ್ಣದೇ. ಆದರೆ ಗೋಲಿ ಸಿಕ್ಕಿಕೊಂಡ ಕೊಳವೆಯಂತೆ ದ್ರವದ ಹರಿವು ನಿಂತರೆ ಹಠಾತ್ ಸಾವು ಬರಬಹುದು. ಪೂರ್ತಿ ತೆಗೆದರೆ ರೋಗಿ ಎಲ್ಲರಂತೆ ಆಯುಷ್ಯ ಮುಗಿಸಬಹುದು. ಆಳದಲ್ಲಿರುವುದೆಲ್ಲ ಕೆಟ್ಟದ್ದಲ್ಲ, ಮೇಲಿರುವುದೆಲ್ಲ ಒಳ್ಳೆಯದೂ ಅಲ್ಲ ಎಂಬ ಪಾಠ ಇದರಲ್ಲಿದೆ.

ಕುಶಿಂಗ್ ಅವರ ದಫ್ತರ

ಮಿದುಳು ಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಹಾರ್ವಿ ಕುಶಿಂಗ್. ರಕ್ತ ನಿಲ್ಲಿಸಲು ಬೆಳ್ಳಿಯ ಪುಟ್ಟ ಕ್ಲಿಪ್, 1926ರಲ್ಲಿ ವಿದ್ಯುತ್ ಕತ್ತರಿಕೆ, ಗಂಟೆಗಟ್ಟಲೆ ತಾಳ್ಮೆಯ ಕೆಲಸ ಇವುಗಳಿಂದ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣವನ್ನು ಅವರು ಬಹಳ ಕೆಳಗಿಳಿಸಿದರು. 1931ರಲ್ಲಿ ಅವರ 2,000ನೇ ಗೆಡ್ಡೆಯ ಶಸ್ತ್ರಚಿಕಿತ್ಸೆ ನಡೆಯಿತು.

ಆದರೆ ಕುಶಿಂಗ್ ಅವರ ದೊಡ್ಡ ಕೊಡುಗೆ ಬಹುಶಃ ಅವರ ದಫ್ತರ. ತೆಗೆದ ಪ್ರತಿ ಗೆಡ್ಡೆಯನ್ನೂ ಜಾಡಿಯಲ್ಲಿಟ್ಟು ಗುರುತು ಬರೆಸಿದರು. ಮನೆಗೆ ಹೋದ ರೋಗಿಗಳು ಶಸ್ತ್ರಚಿಕಿತ್ಸೆಯಾದ ದಿನವನ್ನು ನೆನಪಿಟ್ಟು ಪ್ರತಿ ವರ್ಷ ಪತ್ರ ಬರೆಯಬೇಕೆಂದು ಕೇಳಿಕೊಂಡರು. ಸಹೋದ್ಯೋಗಿ ಲೂಯಿಸ್ ಐಸನ್‌ಹಾರ್ಟ್ ಎಂಬ ವೈದ್ಯೆ ಈ ಲೆಕ್ಕವನ್ನು ವರ್ಷಗಟ್ಟಲೆ ನೋಡಿಕೊಂಡರು. ಯಾವ ಗೆಡ್ಡೆಯವರು ಎಷ್ಟು ಕಾಲ ಬದುಕಿದರು ಎಂಬ ಪ್ರಶ್ನೆಗೆ ಊಹೆಯ ಬದಲು ಉತ್ತರ ಸಿಕ್ಕಿದ್ದು ಹೀಗೆ.

ಉತ್ತರಗಳು ಎಲ್ಲವೂ ಹಿತವಾಗಿರಲಿಲ್ಲ. ಅಮೆರಿಕದ ಸೇನಾಧಿಕಾರಿ ಜನರಲ್ ಲಿಯೊನಾರ್ಡ್ ವುಡ್ ಅವರ ಮಿದುಳಿನ ಪೊರೆಯ ಗೆಡ್ಡೆಯನ್ನು ಕುಶಿಂಗ್ 1910ರಲ್ಲಿ ತೆಗೆದಿದ್ದರು. ವುಡ್ ಆಮೇಲೆ 1920ರ ಅಧ್ಯಕ್ಷ ಚುನಾವಣೆಗೆ ತಮ್ಮ ಪಕ್ಷದ ಉಮೇದುವಾರಿಕೆ ಬಯಸುವಷ್ಟು, ಫಿಲಿಪೈನ್ಸಿನ ಗವರ್ನರ್ ಜನರಲ್ ಆಗುವಷ್ಟು ಚೇತರಿಸಿಕೊಂಡರು. ಗೆಡ್ಡೆ ಮರಳಿತು. 1927ರಲ್ಲಿ ಮತ್ತೆ ಕುಶಿಂಗ್ ಅವರೇ ಶಸ್ತ್ರಚಿಕಿತ್ಸೆ ಮಾಡಿದರು. ವುಡ್ ಬದುಕಲಿಲ್ಲ. ಹದಿನೇಳು ವರ್ಷದ ಬದುಕು ಗೆಲುವೇ ಹೌದು. ಆದರೆ ಹದಿನೇಳು ವರ್ಷ ಕಾದರೂ ಗೆಡ್ಡೆ ಮರಳಬಲ್ಲದು ಎಂಬುದೂ ಅದರಿಂದಲೇ ತಿಳಿಯಿತು.

ಕಿವಿಯ ನರದ ಗೆಡ್ಡೆಯ ವಿಚಾರದಲ್ಲಿ ಕುಶಿಂಗ್ ಮತ್ತು ಡ್ಯಾಂಡಿ ನಡುವೆ ಕಹಿಯಾದ ವಿವಾದವೇ ನಡೆಯಿತು. ಮಿದುಳಕಾಂಡಕ್ಕೆ ಒತ್ತಿಕೊಂಡಿರುವ ಈ ಗೆಡ್ಡೆಯ ಒಳಭಾಗ ಕೊರೆದು ಹೊರಕವಚ ಬಿಟ್ಟುಬಿಡುವುದು ಕುಶಿಂಗ್ ಪದ್ಧತಿ. ಮೇಜಿನ ಮೇಲಿನ ಸಾವು ಇದರಿಂದ ಕಡಿಮೆಯಾಯಿತು. ಆದರೆ ಉಳಿಸಿದ ತುಂಡು ಬೆಳೆದು ಅನೇಕರು ಕೆಲ ವರ್ಷಗಳಲ್ಲಿ ತೀರಿಕೊಂಡರು. ಪೂರ್ತಿ ತೆಗೆಯಬೇಕೆಂಬುದು ಡ್ಯಾಂಡಿ ವಾದ. ಅದಕ್ಕೆ ಮುಖದ ನರವನ್ನು ಬಲಿಕೊಡಬೇಕಾಗುತ್ತಿತ್ತು. ಆ ವಾರದ ಲೆಕ್ಕದಲ್ಲಿ ಒಬ್ಬರು ಸರಿ, ಹತ್ತು ವರ್ಷದ ಲೆಕ್ಕದಲ್ಲಿ ಇನ್ನೊಬ್ಬರು ಸರಿ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಇಂದಿಗೂ ಶಸ್ತ್ರವೈದ್ಯರ ಮುಂದಿರುವ ಪ್ರಶ್ನೆ.

ಕುಶಿಂಗ್ 1939ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನ ಮೂರನೇ ಕುಹರದಲ್ಲಿ ಒಂದು ಪುಟ್ಟ ಕೊಲಾಯ್ಡ್ ಚೀಲ ಕಂಡಿತು. ಡ್ಯಾಂಡಿ ತೆಗೆದು ತೋರಿಸಿದ್ದಂಥದ್ದೇ ಗೆಡ್ಡೆ. ಸಾವಿರಾರು ಗೆಡ್ಡೆಗಳನ್ನು ಕಂಡ ವೈದ್ಯರ ತಲೆಯೊಳಗೇ ಒಂದು ತೊಂದರೆ ಕೊಡದೆ ಕೂತಿತ್ತು.

ಬೆಂಗಳೂರಿಗೆ ಬಂದದ್ದು

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಮಿದುಳು ಶಸ್ತ್ರಚಿಕಿತ್ಸೆಗೆಂದೇ ಒಂದು ವಿಭಾಗ ಇರಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರಲ್ಲಿ ಕಲಿತ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಅದನ್ನು ಆರಂಭಿಸಿದರು. ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಕೆಲಸ ಶುರು ಮಾಡಿದರು.

ಬೆಂಗಳೂರಿನ ಕಥೆಯ ಬೇರು ಇನ್ನೂ ಹಿಂದಿದೆ. 1840ರ ದಶಕದಲ್ಲಿ ಇಲ್ಲಿ ಹುಚ್ಚಾಸ್ಪತ್ರೆಯೊಂದು ಹುಟ್ಟಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. 1930ರ ದಶಕದಲ್ಲಿ ಅದು ಊರ ಹೊರಗಿನ ವಿಶಾಲ ಜಾಗಕ್ಕೆ ಬಂತು. ಈಗಿನ ನಿಮ್ಹಾನ್ಸ್ ಇರುವುದು ಅಲ್ಲೇ. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1958ರಲ್ಲಿ ಡಾ. ಆರ್.ಎಂ. ವರ್ಮ ಅಲ್ಲಿ ನರ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬುನಾದಿ ಹಾಕಿದರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಆಳಕ್ಕೆ ದಾರಿ ಹುಡುಕುವ ಕೆಲಸದಲ್ಲಿ ವರ್ಮ ಅವರ ಹೆಸರೂ ಇದೆ. ತಲೆಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಮೊಟ್ಟೆಯಾಕಾರದ ಒಂದು ಕಿಂಡಿ ಇರುತ್ತದೆ. ಕೆನ್ನೆಯ ಕಡೆಯಿಂದ ಸೂಜಿ ತೂರಿಸಿ, ಆ ಕಿಂಡಿಯ ಮೂಲಕ, ಬುರುಡೆ ಕೊರೆಯದೆಯೇ ಮಿದುಳಿನ ನಡುಭಾಗ ತಲುಪುವ ವಿಧಾನವನ್ನು ಅವರು ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ಬಳಸಿದರು. ಅದು ಗೆಡ್ಡೆಗಾಗಿ ಮಾಡಿದ್ದಲ್ಲ. ಆದರೆ ಕಡಿಮೆ ಸಾಧನಗಳಿದ್ದ ದೇಶದಲ್ಲಿ, ಕಡಿಮೆ ಗಾಯದೊಂದಿಗೆ ಮಿದುಳಿನ ಆಳ ಮುಟ್ಟಬಹುದೆಂದು ತೋರಿಸಿದ ಕೆಲಸ.

ಆಮೇಲಿನ ಬದಲಾವಣೆ ಬಂದದ್ದು ಕಣ್ಣಿನಿಂದ. 1960ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗಾಜಿ ಯಾಸರ್ಗಿಲ್ ಸೂಕ್ಷ್ಮದರ್ಶಕದಡಿ ಮಿದುಳಿನ ಸಹಜ ಬಿರುಕುಗಳ ನಡುವೆಯೇ ದಾರಿ ಮಾಡಿಕೊಂಡು ಹೋಗುವುದನ್ನು ಕಲಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯ ಮಿದುಳಿನ ಗೆಡ್ಡೆಯನ್ನು ನೇರವಾಗಿ ತೋರಿಸಿತು. ಗಾಳಿ ತುಂಬುವ ಹಿಂಸೆ ಕ್ರಮೇಣ ಇತಿಹಾಸಕ್ಕೆ ಸೇರಿತು. ನಂತರ ಬಂದ ಎಂ.ಆರ್.ಐ. ಗೆಡ್ಡೆಯ ಅಂಚನ್ನೂ ಬಿಡಿಸಿ ತೋರಿಸಿತು.

ಜಾಡಿಯಲ್ಲಿಟ್ಟು ಕಲಿಯುವ ಪರಂಪರೆಯೂ ಬೆಂಗಳೂರಿಗೆ ಬಂತು. 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಸ್ಥಾಪನೆಯಾಯಿತು. ಅಲ್ಲಿನ ಮಿದುಳು ಸಂಗ್ರಹಾಲಯದ ಜಾಡಿಗಳಲ್ಲಿ ಗೆಡ್ಡೆ ಬೆಳೆದ ಮಿದುಳುಗಳೂ ಇವೆ. ನಿಗದಿತ ದಿನಗಳಲ್ಲಿ ಸಾರ್ವಜನಿಕರೂ ನೋಡಬಹುದು.

ಗೆಡ್ಡೆಯ ಜಾತಿ

ಹಾಗಾದರೆ ಎಷ್ಟು ವರ್ಷ ಬದುಕುತ್ತಾರೆ? ಇದಕ್ಕೆ ಒಂದೇ ಉತ್ತರ ಇಲ್ಲ. 'ಮಿದುಳು ಗೆಡ್ಡೆ' ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಅದರ ಜಾತಿ, ಜಾಗ, ರೋಗಿಯ ವಯಸ್ಸು, ಎಷ್ಟು ಭಾಗ ತೆಗೆಯಲಾಯಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಪೊರೆಯಿಂದ ಬೆಳೆಯುವ ಮೆನಿಂಜಿಯೋಮ ಬಹುಪಾಲು ಸೌಮ್ಯ. 1957ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಡೊನಾಲ್ಡ್ ಸಿಂಪ್ಸನ್ ಹಳೆಯ ರೋಗಿಗಳ ಕಡತ ತಿರುವಿ ನೋಡಿದರು. ಗೆಡ್ಡೆಯ ಜೊತೆಗೆ ಅದು ಬೇರೂರಿದ ಪೊರೆಯನ್ನೂ ಕತ್ತರಿಸಿ ತೆಗೆದಿದ್ದವರಲ್ಲಿ ಶೇ 9ರಷ್ಟು ಮಂದಿಗೆ ಗೆಡ್ಡೆ ಮರಳಿತ್ತು. ಪೊರೆಯನ್ನು ಸುಟ್ಟು ಅಲ್ಲೇ ಬಿಟ್ಟಿದ್ದವರಲ್ಲಿ ಅದು ಶೇ 19 ಆಗಿತ್ತು. ವರ್ಷಗಳ ಮರುತಪಾಸಣೆ ಇಲ್ಲದಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಮಕ್ಕಳ ಹಿಮ್ಮಿದುಳಿನ ಮೆಡುಲ್ಲೋಬ್ಲಾಸ್ಟೋಮ ಇನ್ನೊಂದು ಉದಾಹರಣೆ. 1930ರಲ್ಲಿ ಕುಶಿಂಗ್ ವರದಿ ಮಾಡಿದ 61 ರೋಗಿಗಳ ಪೈಕಿ ಮೂರು ವರ್ಷ ದಾಟಿದ್ದು ಒಬ್ಬರೇ. ಮಿದುಳಿಗೂ ಬೆನ್ನುಹುರಿಗೂ ವಿಕಿರಣ ಕೊಡುವ ಪದ್ಧತಿ ಬಂದ ಮೇಲೆ, 1969ರ ಬ್ರಿಟಿಷ್ ವರದಿಯೊಂದರಲ್ಲಿ ಐದು ವರ್ಷ ದಾಟಿದವರು ಶೇ 40. ಇಂದು ರೋಗ ಹರಡದಿರುವ ಮಕ್ಕಳಲ್ಲಿ, ಸರಿಯಾದ ಚಿಕಿತ್ಸೆ ಸಿಕ್ಕರೆ, ಶೇ 70ರಿಂದ 80ರಷ್ಟು ಮಂದಿ ಐದು ವರ್ಷ ದಾಟುತ್ತಾರೆ. ಇದರ ಹಿಂದೆ ಕತ್ತಿಯ ಜೊತೆಗೆ ವಿಕಿರಣ ಮತ್ತು ಔಷಧದ ಪಾಲೂ ಇದೆ. ಆದರೆ ವಿಕಿರಣ ಪಡೆದ ಮಗುವಿನ ಕಲಿಕೆ, ಬೆಳವಣಿಗೆ ಕುಂಠಿತವಾಗಬಹುದು. ಬದುಕಿದ ಮೇಲೂ ಅವರನ್ನು ನೋಡಿಕೊಳ್ಳುತ್ತಿರಬೇಕು.

ಗ್ಲಿಯೋಬ್ಲಾಸ್ಟೋಮ ಎಂಬ ಗೆಡ್ಡೆ ಮಾತ್ರ ಇಂದಿಗೂ ಕ್ರೂರವೇ. ಅದು ಮಿದುಳಿನೊಳಗೆ ಬೇರು ಬಿಟ್ಟಂತೆ ಹರಡುವುದರಿಂದ ಕಾಣುವುದನ್ನೆಲ್ಲ ತೆಗೆದರೂ ಕಾಣದ್ದು ಉಳಿಯುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ವಿಕಿರಣದ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟಾಗ ಅರ್ಧದಷ್ಟು ರೋಗಿಗಳು 14.6 ತಿಂಗಳು ದಾಟಿದರು. ವಿಕಿರಣ ಮಾತ್ರ ಪಡೆದವರಲ್ಲಿ ಅದು 12.1 ತಿಂಗಳು. ಎರಡೂವರೆ ತಿಂಗಳು ಅಷ್ಟೇನೇ ಎನಿಸಬಹುದು. ಆದರೆ ಅದೇ ರೋಗಿಗಳನ್ನು ಮುಂದೆ ಗಮನಿಸಿದಾಗ ಐದು ವರ್ಷದ ನಂತರ ಬದುಕಿದ್ದವರು ಮಾತ್ರೆ ಪಡೆದವರಲ್ಲಿ ಶೇ 9.8, ಪಡೆಯದವರಲ್ಲಿ ಶೇ 1.9. ಮೊದಲ ವರ್ಷ ಕಾಣದ ವ್ಯತ್ಯಾಸ ಐದನೇ ವರ್ಷ ಕಂಡಿತು.

ಮರಳಿ ಬರುವ ದಾರಿ

ಇಲ್ಲಿ ಸಾಲಿಗ್ರಾಮದ ಬಸ್ಸನ್ನು ಮತ್ತೆ ನೆನೆಯಬೇಕು. ರಾಮಾನುಜಾಚಾರ್ಯರ ಶ್ರೀಪಾದ ತೀರ್ಥದಿಂದ ಹೆಸರಾದ, ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತಲಲ್ಲೂ ನಾಡಿನ ಉಳಿದ ಹಳ್ಳಿಗಳಂತೆ ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವ ರೂಢಿ ಹೊಸತಲ್ಲ. ತೀರ್ಥ ತೆಗೆದುಕೊಳ್ಳುವುದಕ್ಕೂ ಸ್ಕ್ಯಾನ್ ಮಾಡಿಸುವುದಕ್ಕೂ ಜಗಳವೇನೂ ಇಲ್ಲ. ತಡವಾಗಬಾರದು ಅಷ್ಟೆ. ಬೆಳಗಿನ ಹೊತ್ತು ಹೆಚ್ಚುವ ತಲೆನೋವು, ಜೊತೆಗೆ ವಾಂತಿ, ಮಂಜಾಗುವ ಅಥವಾ ಎರಡೆರಡಾಗಿ ಕಾಣುವ ದೃಷ್ಟಿ, ದೊಡ್ಡವರಲ್ಲಿ ಮೊದಲ ಬಾರಿಗೆ ಬಂದ ಮೂರ್ಛೆ, ಒಂದು ಕಡೆಯ ಕೈಕಾಲು ಸೋಲುವುದು ಇವು ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣಗಳು. ಹೆಚ್ಚಿನ ತಲೆನೋವುಗಳಿಗೆ ಗೆಡ್ಡೆ ಕಾರಣವಲ್ಲ ಎಂಬುದೂ ನೆನಪಿರಲಿ.

ಶಸ್ತ್ರಚಿಕಿತ್ಸೆಯ ಖರ್ಚಿಗೆ ಒಂದು ಕಾಲದಲ್ಲಿ ಜಮೀನು ಮಾರಬೇಕಿತ್ತು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಬಂದ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ಬಡವರಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆದಿವೆ. ಆದರೆ ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಮರುತಪಾಸಣೆಗೆ ಹೋಗಲು ಬೇಕಾದ ಬಸ್ಸಿನ ದುಡ್ಡು, ಜೊತೆಗೆ ಬರುವವರ ಎರಡು ದಿನದ ಕೂಲಿ, ಕಟಾವಿನ ಹಂಗಾಮು ಇವೆಲ್ಲ ಮನೆಯವರ ಲೆಕ್ಕಕ್ಕೇ ಬರುತ್ತವೆ. ಆರಾಮವಾಗಿರುವವರಿಗೆ ಹೋಗುವ ಅಗತ್ಯವೇ ಕಾಣುವುದಿಲ್ಲ. ಗೆಡ್ಡೆ ಸದ್ದಿಲ್ಲದೆ ಮರಳುವುದು ಇಂಥ ಹೊತ್ತಿನಲ್ಲಿ. ಚಿಕ್ಕದಿರುವಾಗ ಕಂಡರೆ ವಿಕಿರಣಕ್ಕೋ ಎರಡನೇ ಶಸ್ತ್ರಚಿಕಿತ್ಸೆಗೋ ಅವಕಾಶವಿರುತ್ತದೆ.

ಈಗ ಎಂ.ಆರ್.ಐ. ಸ್ಕ್ಯಾನಿಗೆ ಬೆಂಗಳೂರೇ ಆಗಬೇಕೆಂದಿಲ್ಲ, ಮೈಸೂರಿನಲ್ಲೂ ಆಗುತ್ತದೆ. ಹಳೆಯ ಸ್ಕ್ಯಾನು, ಬಿಡುಗಡೆ ಪತ್ರ, ಗೆಡ್ಡೆಯ ತುಣುಕಿನ ಪರೀಕ್ಷಾ ವರದಿ ಮೂರನ್ನೂ ಒಂದೇ ಚೀಲದಲ್ಲಿ ಕಾಪಾಡಿಕೊಂಡರೆ ಯಾವ ವೈದ್ಯರಾದರೂ ಹಿಂದಿನದರ ಜೊತೆ ಹೋಲಿಸಿ ನೋಡಬಲ್ಲರು. ಮೂರ್ಛೆಯ ಮಾತ್ರೆಯನ್ನಾಗಲಿ ಸ್ಟಿರಾಯ್ಡ್ ಮಾತ್ರೆಯನ್ನಾಗಲಿ ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಕುಶಿಂಗ್ ಅವರ ರೋಗಿಗಳು ವರ್ಷಕ್ಕೊಂದು ಪತ್ರ ಬರೆದಿದ್ದರಿಂದ ಮುಂದಿನ ತಲೆಮಾರಿನ ರೋಗಿಗಳಿಗೆ ಪ್ರಯೋಜನವಾಯಿತು. ಮರುತಪಾಸಣೆಗೆ ಬಾರದ ರೋಗಿಯ ಹೆಸರಿನ ಮುಂದೆ ಆಸ್ಪತ್ರೆಯ ದಫ್ತರದಲ್ಲಿ ಜಾಗ ಖಾಲಿ ಉಳಿಯುತ್ತದೆ. ಬದುಕಿದ್ದಾರೋ ಇಲ್ಲವೋ ಅದು ಹೇಳುವುದಿಲ್ಲ. ಚೆನ್ನಾಗಿರುವ ರೋಗಿಯೂ ವರ್ಷಕ್ಕೊಮ್ಮೆ ಬಸ್ ಹತ್ತಿ ಹೋಗಿ 'ಚೆನ್ನಾಗಿದ್ದೇನೆ' ಎಂದು ಬರೆಸಿ ಬಂದರೆ ಆ ಜಾಗ ತುಂಬುತ್ತದೆ. ಮುಂದೆ ಅದೇ ದಾರಿಯಲ್ಲಿ ಮೊದಲ ಸಲ ಬರುವ ಕುಟುಂಬದ ಪ್ರಶ್ನೆಗೆ ವೈದ್ಯರು ಉತ್ತರ ಹೇಳುವುದು ಅದನ್ನು ನೋಡಿಯೇ.